ಬೀಗ-ಕೀಲಿ ಚಿತ್ರ ಸಾಕಾಗಲ್ಲ, ಕಿಣ್ವ ಮಿಸುಕಾಡುತ್ತದೆ

ನಿಮ್ಮ ಪ್ರಶ್ನೆ ಇಷ್ಟು: ಕಿಣ್ವದ (ಎಂಜೈಮ್, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುವ ಪ್ರೋಟೀನ್) ರಚನೆಯೇ ಅದರ ಕೆಲಸವನ್ನು ತೀರ್ಮಾನಿಸುತ್ತದೆ ಅಂತ ಪುಸ್ತಕದಲ್ಲಿದೆ. ಆದರೆ ಹೆಕ್ಸೋಕೈನೇಸ್, ಗ್ಲುಕೋಕೈನೇಸ್ ಅನ್ನುವ ಎರಡು ಕಿಣ್ವಗಳ ರಚನೆಯೂ ಹೆಚ್ಚುಕಡಿಮೆ ಒಂದೇ, ಮಾಡುವ ರಾಸಾಯನಿಕ ಕ್ರಿಯೆಯೂ ಒಂದೇ. ಮತ್ತೆ ದೇಹಕ್ಕೆ ಎರಡು ಯಾಕೆ ಬೇಕು?

ಎಂಎಸ್ಸಿ ಓದುವಾಗ ನಾನೂ ಇದೇ ಜಾಗದಲ್ಲಿ ಸಿಕ್ಕಿಕೊಂಡಿದ್ದೆ. ತಪ್ಪು ಆ ವಾಕ್ಯದ್ದಲ್ಲ, ‘ರಚನೆ’ ಅಂದಕೂಡಲೇ ನಮ್ಮ ತಲೆಯಲ್ಲಿ ಬರುವ ಗಟ್ಟಿ ಬೊಂಬೆಯದ್ದು.

ಮೊದಲು ಕೆಲಸ ನೋಡಿ. ಗ್ಲೂಕೋಸ್ ಜೀವಕೋಶದ ಒಳಗೆ ಬಂದ ತಕ್ಷಣ ಅದರ ಆರನೇ ಕಾರ್ಬನ್ನಿನ ಕಡೆ ಒಂದು ಫಾಸ್ಫೇಟ್ ಅಂಟಿಸಬೇಕು. ಫಾಸ್ಫೇಟ್ ಕೊಡುವುದು ಎಟಿಪಿ, ಜೀವಕೋಶದಲ್ಲಿ ಶಕ್ತಿ ಹೊತ್ತು ತಿರುಗುವ ಅಣು. ಇಷ್ಟೇ. ಕೇಳಲು ಸುಲಭ, ಆದರೆ ಅಲ್ಲೊಂದು ತೊಡಕಿದೆ: ನೀರು. ಜೀವಕೋಶದ ತುಂಬಾ ನೀರೇ, ಮತ್ತು ಗ್ಲೂಕೋಸಿನಲ್ಲಿರುವ ಹೈಡ್ರಾಕ್ಸಿಲ್ ಗುಂಪಿನಂಥದ್ದೇ ನೀರಿನಲ್ಲೂ ಇದೆ. ಫಾಸ್ಫೇಟ್ ನೀರಿಗೆ ಹೋದರೆ ಎಟಿಪಿ ದಂಡ. 1894ರಲ್ಲಿ ಎಮಿಲ್ ಫಿಶರ್ ಹೇಳಿದ ಬೀಗ-ಕೀಲಿ ಲೆಕ್ಕದಲ್ಲಿ (ಕಿಣ್ವ ಗಟ್ಟಿಯಾದ ಬೀಗ, ಅದಕ್ಕೆ ಹೊಂದುವ ಅಣು ಕೀಲಿ) ನೋಡಿದರೆ, ಗ್ಲೂಕೋಸಿಗೆ ಸರಿಹೋಗುವ ಗುಳಿಯೊಳಗೆ ನೀರು ಆರಾಮವಾಗಿ ನುಗ್ಗಬಹುದು. ಆನೆ ಹೋಗುವ ಬಾಗಿಲಲ್ಲಿ ಇರುವೆ ಹೋಗಲ್ವಾ?

ಇದಕ್ಕೆ ಉತ್ತರ ಕೊಟ್ಟವರು ಡೇನಿಯಲ್ ಕೋಶ್ಲಂಡ್, 1958ರಲ್ಲಿ. ಕಿಣ್ವ ಸುಮ್ನೆ ಕೂತಿರುವುದಿಲ್ಲ, ಸರಿಯಾದ ಅಣು ಬಂದು ಕೂತಾಗ ತಾನೇ ಆಕಾರ ಬದಲಿಸಿ ಅದನ್ನು ಹಿಡಿಯುತ್ತದೆ ಅಂದರು. ಇಪ್ಪತ್ತು ವರ್ಷದ ನಂತರ, 1978ರಲ್ಲಿ, ಥಾಮಸ್ ಸ್ಟೈಟ್ಜ್ ಅವರ ಗುಂಪು ಯೀಸ್ಟಿನ ಹೆಕ್ಸೋಕೈನೇಸ್‌ನಲ್ಲಿ ಇದನ್ನು ಎಕ್ಸ್-ರೇ ಮೂಲಕ ತೋರಿಸಿತು. (2009ರಲ್ಲಿ ರೈಬೋಸೋಮಿಗಾಗಿ ವೆಂಕಿ ರಾಮಕೃಷ್ಣನ್, ಅಡಾ ಯೊನಾತ್ ಜೊತೆ ನೊಬೆಲ್ ಪಡೆದರಲ್ಲ, ಅದೇ ಸ್ಟೈಟ್ಜ್.) ಈ ಕಿಣ್ವ ಬಾಯಿ ಬಿಟ್ಟ ಕಪ್ಪೆಚಿಪ್ಪಿನ ಹಾಗಿದೆ. ಎರಡು ಹಾಲೆ, ನಡುವೆ ಸೀಳು. ಗ್ಲೂಕೋಸ್ ಸೀಳಿನ ತಳದಲ್ಲಿ ಕೂತ ಮೇಲೆ ಒಂದು ಹಾಲೆ ಸುಮಾರು 12 ಡಿಗ್ರಿ ತಿರುಗಿ ಮುಚ್ಚಿಕೊಳ್ಳುತ್ತದೆ. ಒಳಗಿದ್ದ ನೀರು ಹೊರಕ್ಕೆ ಹೋಗುತ್ತದೆ, ಎಟಿಪಿ ಹಿಡಿಯುವ ಭಾಗಗಳು ಸರಿಯಾದ ಜಾಗಕ್ಕೆ ಬರುತ್ತವೆ. ಒಂಟಿ ನೀರಿನ ಅಣುವಿಗೆ ಆ ಚಿಪ್ಪನ್ನು ಮುಚ್ಚಿಸುವ ತಾಕತ್ತಿಲ್ಲ.

ಇದು ಬರೀ ಕಥೆಯಲ್ಲ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಪ್ರಯೋಗವಿದೆ. ಕಿಣ್ವಕ್ಕೆ ಗ್ಲೂಕೋಸ್ ಬದಲು ಕ್ಸೈಲೋಸ್ ಕೊಡುತ್ತಾರೆ. ಅದೂ ಸಕ್ಕರೆಯೇ, ಗ್ಲೂಕೋಸಿನ ತದ್ರೂಪ, ಆದರೆ ಆರನೇ ಕಾರ್ಬನ್ ಇಲ್ಲ, ಅಂದರೆ ಫಾಸ್ಫೇಟ್ ಅಂಟಬೇಕಾದ ತುದಿಯೇ ಇಲ್ಲ. ಕಿಣ್ವ ಮೋಸಹೋಗುತ್ತದೆ. ಚಿಪ್ಪು ಮುಚ್ಚುತ್ತದೆ, ಖಾಲಿ ಉಳಿದ ಆ ಜಾಗದಲ್ಲಿ ಒಂದು ನೀರಿನ ಅಣು ಕೂತುಬಿಡುತ್ತದೆ, ಮತ್ತು ಎಟಿಪಿಯ ಫಾಸ್ಫೇಟ್ ಆ ನೀರಿಗೆ ಹೋಗುತ್ತದೆ. ನೀರೊಂದೇ ಇದ್ದಾಗ ಬಹುತೇಕ ಸುಮ್ಮನಿದ್ದ ಕಿಣ್ವ, ಕ್ಸೈಲೋಸ್ ಹಾಕಿದಾಗ ಎಟಿಪಿಯನ್ನು ವ್ಯರ್ಥವಾಗಿ ಒಡೆಯಲು ಶುರುಮಾಡುತ್ತದೆ! ಕೆಲಸ ಶುರುವಾಗುವುದು ಮುಚ್ಚಿದಾಗ ಅಂತ ಇದಕ್ಕಿಂತ ಚೆನ್ನಾಗಿ ಹೇಗೆ ತೋರಿಸುವುದು?

ಈಗ ನಿಮ್ಮ ಗ್ಲುಕೋಕೈನೇಸ್. ಇದಕ್ಕೆ ಹೆಕ್ಸೋಕೈನೇಸ್ 4 ಅಂತಲೂ ಹೆಸರು. ಮಿದುಳಿನಲ್ಲಿರುವ ಹೆಕ್ಸೋಕೈನೇಸ್ 1 ಅರ್ಧ ವೇಗಕ್ಕೆ ಬರಲು 0.1 ಮಿಲಿಮೋಲಾರ್‌ಗಿಂತ ಕಡಿಮೆ ಗ್ಲೂಕೋಸ್ ಸಾಕು. ರಕ್ತದಲ್ಲಿ ಸುಮಾರು 5 ಇರುತ್ತದೆ, ಶುಗರ್ ಮೀಟರಿನ ಭಾಷೆಯಲ್ಲಿ 90. ಹಾಗಾಗಿ ನೀವು ಉಪವಾಸ ಇದ್ದರೂ, ನಾಲ್ಕು ಹೋಳಿಗೆ ತಿಂದರೂ ಅದಕ್ಕೆ ಹೆಚ್ಚು ವ್ಯತ್ಯಾಸವಿಲ್ಲ, ತನ್ನ ಪಾಡಿಗೆ ದುಡಿಯುತ್ತದೆ. ತಾನೇ ತಯಾರಿಸಿದ ಮಾಲು ರಾಶಿಬಿದ್ದಾಗ ನಿಧಾನವಾಗುತ್ತದೆ, ಅಷ್ಟೇ. ಯಕೃತ್ತು ಮತ್ತು ಪ್ಯಾಂಕ್ರಿಯಾಸಿನ ಬೀಟಾ ಕೋಶಗಳಲ್ಲಿರುವ ಗ್ಲುಕೋಕೈನೇಸ್ ಅರ್ಧ ವೇಗಕ್ಕೆ ಬರುವುದು ಸುಮಾರು 8ರಲ್ಲಿ, ಅಂದರೆ ಮೀಟರಿನ 144ರ ಆಸುಪಾಸಿನಲ್ಲಿ. ಹಾಗಾಗಿ ಶುಗರ್ ಏರಿದಂತೆ ಇದರ ವೇಗ ಏರುತ್ತದೆ, ಇಳಿದಂತೆ ಇಳಿಯುತ್ತದೆ. ಬೀಟಾ ಕೋಶ ಇನ್ಸುಲಿನ್ ಎಷ್ಟು ಬಿಡಬೇಕು ಅಂತ ತಿಳಿಯುವುದು ಈ ವೇಗ ನೋಡಿಯೇ.

ಆದರೆ ಗ್ಲೂಕೋಸ್ ಕೂರುವ ಗುಳಿ ಎರಡರಲ್ಲೂ ಬಹುಪಾಲು ಒಂದೇ! ವ್ಯತ್ಯಾಸ ಇರುವುದು ಗ್ಲೂಕೋಸ್ ಇಲ್ಲದಾಗ ಕಿಣ್ವ ಹೇಗಿರುತ್ತದೆ ಅನ್ನುವುದರಲ್ಲಿ. 2004ರಲ್ಲಿ ಬಂದ ರಚನೆಗಳಲ್ಲಿ ಕಂಡದ್ದು ಏನೆಂದರೆ, ಖಾಲಿ ಗ್ಲುಕೋಕೈನೇಸ್ ಬಾಯಿಯನ್ನು ಅಗಲಕ್ಕೆ ಬಿಟ್ಟುಕೊಂಡಿರುತ್ತದೆ, ಅಲ್ಲಿಂದ ಮುಚ್ಚಲು ಚಿಕ್ಕ ಹಾಲೆ ಸುಮಾರು 99 ಡಿಗ್ರಿ ತಿರುಗಬೇಕು. ಯೀಸ್ಟಿನದ್ದು 12 ಅಂದೆನಲ್ಲ, ಹೋಲಿಸಿ ನೋಡಿ.

ದೋಸೆ ಕಾವಲಿ ನೆನಪಿಸಿಕೊಳ್ಳಿ. ಒಂದರ ಹಿಂದೆ ಒಂದು ದೋಸೆ ಹುಯ್ಯುತ್ತಿದ್ದರೆ ಕಾವಲಿ ಕಾದೇ ಇರುತ್ತದೆ. ಗಿರಾಕಿಯಿಲ್ಲ ಅಂತ ಉರಿ ಆರಿಸಿದರೆ ತಣ್ಣಗಾಗುತ್ತದೆ, ಮುಂದಿನ ದೋಸೆಗೆ ಮತ್ತೆ ಕಾಯಬೇಕು. ಗ್ಲುಕೋಕೈನೇಸ್ ಕೂಡ ಒಂದು ಗ್ಲೂಕೋಸ್ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ‘ಕಾದ’ ಆಕಾರದಲ್ಲೇ ಇರುತ್ತದೆ. ಶುಗರ್ ಜಾಸ್ತಿ ಇದ್ದರೆ ಅಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಕಡಿಮೆ ಇದ್ದರೆ ಕಿಣ್ವ ಆ ಅಗಲ ಬಾಯಿಗೆ ಮರಳಿಬಿಡುತ್ತದೆ, ಅಲ್ಲಿಂದ ವಾಪಸ್ ಬರುವುದು ನಿಧಾನ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನಲ್ಲಿ ನಾಲ್ಕು ಭಾಗಗಳು ಸೇರಿ ‘ಎಸ್’ ಆಕಾರದ ಗ್ರಾಫ್ ಕೊಡುತ್ತವೆ, ಅಂದರೆ ಮೊದಲು ನಿಧಾನ, ಆಮೇಲೆ ಸರ್ರನೆ ಏರಿಕೆ. ಇಲ್ಲಿ ಗ್ಲೂಕೋಸಿಗೆ ಇರುವುದು ಒಂದೇ ಜಾಗ, ಆದರೂ ಅದೇ ಬಗೆಯ ಗ್ರಾಫ್, ಕಾರಣ ಈ ತಡ. ಕಾವಲಿಯಲ್ಲಿರುವುದು ಬಿಸಿ, ಇಲ್ಲಿರುವುದು ಆಕಾರ. ಅಷ್ಟು ಬಿಟ್ಟರೆ ಹೋಲಿಕೆ ಸರಿಯಿದೆ.

ಈ ಮಿಸುಕಾಟ ಕೆಟ್ಟರೆ ಮನುಷ್ಯರಲ್ಲಿ ಗೊತ್ತಾಗುತ್ತದೆ. ಗ್ಲುಕೋಕೈನೇಸ್ ಜೀನಿನ ಒಂದು ಪ್ರತಿ ದುರ್ಬಲವಾದರೆ ಹುಟ್ಟಿನಿಂದಲೇ ಫಾಸ್ಟಿಂಗ್ ಶುಗರ್ ಸ್ವಲ್ಪ ಮೇಲಿರುತ್ತದೆ. ಅದಕ್ಕೆ ಮೋಡಿ-2 ಅಂತಾರೆ, ಒಂದೇ ಜೀನಿನಿಂದ ಬರುವ ಒಂದು ಬಗೆಯ ಮಧುಮೇಹ, ಸಾಮಾನ್ಯವಾಗಿ ಔಷಧಿ ಬೇಕಾಗುವುದಿಲ್ಲ. (ನಮ್ಮನೆಯವರಿಗೂ ಇದೇ ಇರಬೇಕು ಅಂತ ಮಾತ್ರೆ ನಿಲ್ಲಿಸಬೇಡಿ, ಹೆಚ್ಚಿನವರದ್ದು ಟೈಪ್ 2.) ಉಲ್ಟಾ ಬದಲಾವಣೆಗಳೂ ಇವೆ. ಕಿಣ್ವದ ಅಮೈನೋ ಆಮ್ಲಗಳ ಸರಪಳಿಯ 456ನೇ ಜಾಗದಲ್ಲಿ ಅಲನೀನ್ ಬದಲು ವಾಲಿನ್ ಬಂದರೆ ಕಿಣ್ವ ಜಾಸ್ತಿ ಚುರುಕಾಗಿ ಶುಗರ್ ಅಪಾಯಕಾರಿಯಾಗಿ ಇಳಿಯುತ್ತದೆ. ತಮಾಷೆ ಏನೆಂದರೆ ಆ 456 ಗ್ಲೂಕೋಸ್ ಕೂರುವ ಗುಳಿಯಲ್ಲಿಲ್ಲ, ದೂರದಲ್ಲಿದೆ. ಆ ಬದಿಯಲ್ಲೇ ಇರುವ ಇನ್ನೊಂದು ಸಂದಿಗೆ ಕೂತು ಕಿಣ್ವವನ್ನು ಚುರುಕು ಮಾಡುವ ಡಾರ್ಜಾಗ್ಲಿಯಾಟಿನ್ ಅನ್ನುವ ಔಷಧಿಗೆ ಚೀನಾದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿದೆ.

ಸಮಯ ಇದ್ದರೆ ಪ್ರೋಟೀನ್ ಡೇಟಾ ಬ್ಯಾಂಕ್ ಅನ್ನುವ, ಪ್ರೋಟೀನುಗಳ ರಚನೆಗಳನ್ನು ಇಟ್ಟಿರುವ ವೆಬ್‌ಸೈಟಿಗೆ ಹೋಗಿ 1ವಿ4ಎಸ್, 1ವಿ4ಟಿ ಅಂತ ಹುಡುಕಿ (ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಹಾಕಬೇಕು), ದುಡ್ಡು ಕೊಡಬೇಕಾಗಿಲ್ಲ. ಎರಡೂ ಗ್ಲುಕೋಕೈನೇಸೇ, ಮೊದಲನೆಯದು ಮುಚ್ಚಿದ್ದು, ಎರಡನೆಯದು ಬಾಯಿ ಬಿಟ್ಟದ್ದು. ದೊಡ್ಡ ಹಾಲೆಗಳನ್ನು ಒಂದರ ಮೇಲೊಂದು ಕೂರಿಸಿ, ಚಿಕ್ಕದು ಎಲ್ಲಿಂದ ಎಲ್ಲಿಗೆ ಹೋಗಿದೆ ನೋಡಿ. ನಾನು ಮೊದಲ ಸಲ ನೋಡಿದಾಗ ಬೇರೆ ಯಾವುದೋ ಪ್ರೋಟೀನ್ ತೆರೆದೆ ಅಂದುಕೊಂಡು ಎರಡು ಸಲ ಹೆಸರು ಚೆಕ್ ಮಾಡಿದ್ದೆ.