ಆರು ತಿಂಗಳಿಗೆ ಜರ್ಮನಿಗೆ ಬರಾಕಿಗೆ: ವೈಫೈ, ಲೈಬ್ರರಿ, ವಿಪಿಎನ್

ತಂಗಿ, ನೀ ಬೆಳಗಾವಿಯೊಳಗ ಎಂ.ಟೆಕ್ ಓದಾಕಿ, ಪ್ರಾಜೆಕ್ಟ್ ಸಲುವಾಗಿ ಅಕ್ಟೋಬರದಿಂದ ಆರು ತಿಂಗಳು ಜರ್ಮನಿಯ ಯುನಿವರ್ಸಿಟಿಗೆ ಬರಾಕಿ. ಇಲ್ಲಿ ಇಂಟರ್ನೆಟ್ ಮತ್ತ ಲೈಬ್ರರಿ ಹೆಂಗ ಸಿಗತಾವು, ರೊಕ್ಕ ಎಷ್ಟು ಹತ್ತತೈತಿ ಅಂತ ಕೇಳೀದಿ. ರೊಕ್ಕದ ಮಾತು ಸಣ್ಣದು. ಯುನಿವರ್ಸಿಟಿಯವರು ನಿನ್ನ ಹೆಸರು ಯಾವ ಪಟ್ಟಿಯೊಳಗ ಬರಕೊಂಡಾರ ಅನ್ನೂದರ ಮ್ಯಾಲ ಉಳಿದದ್ದೆಲ್ಲಾ ನಿಂತೈತಿ.

ಎಕ್ಸ್‌ಚೇಂಜ್ ಒಪ್ಪಂದದ ಮ್ಯಾಲ ಬಂದು, ಸೆಮಿಸ್ಟರ್ ಫೀ ತುಂಬಿ ದಾಖಲಾದ್ರ ನೀ ಪೂರಾ ವಿದ್ಯಾರ್ಥಿನಿ. ಐಡಿ ಕಾರ್ಡ್, ಯೂಸರ್‌ನೇಮ್, ವಿಪಿಎನ್ (ಮನ್ಯಾಗ ಕುಂತು ಯುನಿವರ್ಸಿಟಿ ನೆಟ್‌ವರ್ಕಿನೊಳಗ ಹೋಗೂ ದಾರಿ) ಎಲ್ಲಾ ಅದರ ಬೆನ್ನಿಗೇ ಬರತಾವು. ಪ್ರೊಫೆಸರರ ಆಹ್ವಾನ ಪತ್ರದ ಮ್ಯಾಲ ಅಷ್ಟ ಬಂದ್ರ ನೀ ಅವರ ವಿಭಾಗದ ಗೆಸ್ಟ್; ಏನೂ ತಾನಾಗೇ ಬರಂಗಿಲ್ಲ. ವಿಭಾಗದ ಸೆಕ್ರೆಟರಿ ಕಂಪ್ಯೂಟರ್ ಸೆಂಟರಿಗೆ ಗೆಸ್ಟ್ ಅಕೌಂಟಿನ ಅರ್ಜಿ ಹಾಕಬೇಕು, ಅದರಾಗ ಒಬ್ಬರು ಜವಾಬ್ದಾರಿ ಹೊತ್ತು ಸಹಿ ಮಾಡಬೇಕು, ಮುಗಿಯೋ ತಾರೀಖು ಬರೀಬೇಕು. ಮೂರನೇದು ‘ಗಾಸ್ಟ್‌ಹೋರರ್’, ಕ್ಲಾಸಿನ್ಯಾಗ ಕುಂತು ಕೇಳಾಕಷ್ಟ ಪರವಾನಗಿ. ಅದು ಸೋವಿ ಅಂತ ಯಾರರ ಹೇಳಿದ್ರ ಒಪ್ಪಬ್ಯಾಡ, ಪ್ರಾಜೆಕ್ಟಿಗೆ ಸಾಲಂಗಿಲ್ಲ.

ಅದಕ್ಕ ವಿಮಾನ ಹತ್ತೂ ಮೊದಲ ಸೆಕ್ರೆಟರಿಗೆ ಮೇಲ್ ಬರದು ಮೂರು ಮಾತು ಕೇಳು: ನಾ ದಾಖಲಾದ ವಿದ್ಯಾರ್ಥಿನಿಯೋ ಗೆಸ್ಟೋ? ಗೆಸ್ಟ್ ಆದ್ರ ಅಕೌಂಟಿನ ಅರ್ಜಿ ಯಾರು ಹಾಕತಾರ? ಆ ಅಕೌಂಟಿಗೆ ವಿಪಿಎನ್ ಐತೋ ಇಲ್ಲೋ? ಕಡೀದನ್ನ ಮಂದಿ ಕೇಳೂದ ಇಲ್ಲ, ಆಮ್ಯಾಲ ಅದಕ್ಕಾಗೇ ತಿರುಗತಾರ. ಪಾಸ್‌ವರ್ಡ್ ಕೆಲವು ಕಡೆ ಇನ್ನೂ ಅಂಚೆಯೊಳಗ ಬರತೈತಿ. ಹಾಸ್ಟೆಲಿನ ಟಪಾಲ್ ಡಬ್ಬಿ ಮ್ಯಾಲ ನಿನ್ನ ಹೆಸರಿನ ಚೀಟಿ ಇರಲಿಲ್ಲಂದ್ರ ಪೋಸ್ಟ್‌ಮನ್ ಪತ್ರ ವಾಪಸ್ ಒಯ್ಯತಾನ.

ಇನ್ನ ವೈಫೈ. ಕ್ಯಾಂಪಸ್ ತುಂಬ ಕಾಣೂದು, ಬ್ಯಾರೆ ಬ್ಯಾರೆ ದೇಶದ ಯುನಿವರ್ಸಿಟಿಗಳು ಕೂಡಿ ಬಳಸೋ ಎಡುರೋಮ್ ಅನ್ನೋ ನೆಟ್‌ವರ್ಕ್. ನಮ್ಮ ದೇಶದಾಗ ಅದನ್ನ ನಡಸೂದು ಅರ್ನೆಟ್ ಅನ್ನೋ ಸರ್ಕಾರಿ ಸಂಸ್ಥೆ. ನಿನ್ನ ಕಾಲೇಜು ಅದಕ್ಕ ಸೇರಿದ್ರ ಅಲ್ಲಿನ ಐಡಿನೇ ಇಲ್ಲಿ ನಡೀತೈತಿ. ಕಾಲೇಜಿನ ಕಂಪ್ಯೂಟರ್ ಸೆಂಟರಿನ್ಯಾಗ ಕೇಳಿ, ಅಲ್ಲೇ ಒಮ್ಮೆ ಹಚ್ಚಿ ನೋಡಿ ಬಾ. ಯಾಕಂದ್ರ ಸೆಟಿಂಗ್ ಇಳಿಸಿಕೊಳ್ಳಾಕೂ ಇಂಟರ್ನೆಟ್ ಬೇಕು. ಕೈಲೆ ತುಂಬೂದು ಬಿಟ್ಟು ಗೆಟ್‌ಎಡುರೋಮ್ ಆ್ಯಪ್ ಹಾಕ್ಕೊ, ಸಂಸ್ಥೆ ಹೆಸರು ಆರಿಸು. ಸರ್ಟಿಫಿಕೇಟ್ (ಸರ್ವರ್ ಖರೇದು ಅಂತ ತೋರಸೋ ಡಿಜಿಟಲ್ ಗುರುತು) ಸಮೇತ ಅದ ಕೂಡ್ರಸತೈತಿ. ಆಂಡ್ರಾಯ್ಡ್ 11ರ ಮುಂದಿನ ಫೋನಿನ್ಯಾಗ ‘ಸರ್ಟಿಫಿಕೇಟ್ ನೋಡಬ್ಯಾಡ’ ಅನ್ನೋ ಆಯ್ಕೆ ತಗದಾರ, ಹಿಂಗಾಗಿ ಹಳೇ ಯೂಟ್ಯೂಬ್ ವಿಡಿಯೋ ನೋಡಿ ಮಾಡಾಕ ಹೋದ್ರ ಆಗಂಗಿಲ್ಲ. ತಗದದ್ದು ಚಲೋನ ಆತು: ಅದೇ ಹೆಸರಿನ ರೌಟರ್ ಯಾರರ ಇಟ್ಟು ಪಾಸ್‌ವರ್ಡ್ ಕದೀಬಹುದಿತ್ತು.

ಹತ್ತಲಿಲ್ಲಂದ್ರ ಮೊದಲ ಯೂಸರ್‌ನೇಮ್ ನೋಡು. ಅಟ್ ಚಿಹ್ನೆ (@) ಮತ್ತ ಅದರ ಮುಂದಿನ ಸಂಸ್ಥೆ ಹೆಸರು ಇರಬೇಕು. ಅದಿಲ್ಲಂದ್ರ ಸರ್ವರಿಗೆ ನೀ ಯಾವ ಊರಾಕಿ ಅಂತ ಗೊತ್ತಾಗಂಗಿಲ್ಲ. ಕೆಲವೊಮ್ಮೆ ಫೋನ್ ತಾನಾಗೇ ಕಡೀಗೆ ಒಂದು ಖಾಲಿ ಜಾಗ ಸೇರಸತೈತಿ, ಅದನ್ನ ಅಳಿಸು. ಪಾಸ್‌ವರ್ಡ್ ಬದಲಿ ಮಾಡಿದ್ರ ಫೋನ್, ಲ್ಯಾಪ್‌ಟಾಪ್ ಎರಡರಾಗೂ ಹಳೇದು ತಗಿ. ಇಲ್ಲಂದ್ರ ಅವು ಹಳೇದನ್ನ ಕಳಿಸಿ ಕಳಿಸಿ ಅಕೌಂಟಿಗೇ ಕೀಲಿ ಬೀಳತೈತಿ. ಇಷ್ಟು ಮಾಡಿಯೂ ಆಗಲಿಲ್ಲಂದ್ರ ಇಲ್ಲಿನ ಹೆಲ್ಪ್‌ಡೆಸ್ಕಿನವರನ್ನ ಬೈಬ್ಯಾಡ. ನಿನ್ನ ಪಾಸ್‌ವರ್ಡ್ ಖರೇನೋ ಸುಳ್ಳೋ ಅಂತ ನೋಡೂದು ಊರಿನ ಸರ್ವರ್. ಅದು ಬಂದ್ ಇದ್ರ ಇಲ್ಲಿಯವರ ಕೈಯಾಗ ಏನೂ ಇಲ್ಲ. ಚಳಿಗಾಲದಾಗ ಇಲ್ಲಿ ಬೆಳಿಗ್ಗೆ 11 ಅಂದ್ರ ಬೆಳಗಾವಿಯೊಳಗ ಮಧ್ಯಾಹ್ನ 3.30. ಅಷ್ಟರೊಳಗ ಫೋನ್ ಹಚ್ಚು.

ಹಾಸ್ಟೆಲ್ ರೂಮಿನ್ಯಾಗ ಬಹಳ ಕಡೆ ವೈಫೈ ಇರಂಗಿಲ್ಲ, ಗ್ವಾಡಿಗೆ ಲ್ಯಾನ್ ಪಾಯಿಂಟ್ ಅಷ್ಟ ಇರತೈತಿ. ಐದು ಮೀಟರ್ ಕೇಬಲ್, ಲ್ಯಾಪ್‌ಟಾಪಿಗೆ ಲ್ಯಾನ್ ತೂತಿಲ್ಲಂದ್ರ ಯುಎಸ್‌ಬಿ ಅಡಾಪ್ಟರ್ ತಾ. ನಮ್ಮ ಮೂರು ಕಡ್ಡಿ ಪ್ಲಗ್ ಇಲ್ಲಿ ಹೋಗಂಗಿಲ್ಲ. ಲಾಗಿನ್ನಿನ ಎರಡನೇ ಕೋಡಿಗೆ ಊರಿನ ಸಿಮ್ ನೆಚ್ಚಬ್ಯಾಡ, ಆಥೆಂಟಿಕೇಟರ್ ಆ್ಯಪ್ ಇಟಗೊ; ಬ್ಯಾಕಪ್ ಕೋಡ್ ಕಾಗದದ ಮ್ಯಾಲ ಬರಕೊ. ಇಲ್ಲಿ ಸಿಮ್ ತುಗೊಳ್ಳಾಕ 2017ರಿಂದ ಗುರುತು ತೋರಸೂದು ಕಡ್ಡಾಯ, ಪಾಸ್‌ಪೋರ್ಟ್ ಹಿಡಕೊಂಡು ಅಂಗಡಿಗೇ ಹೋಗು. ಟೊರೆಂಟ್ ಮಾತ್ರ ಮರತುಬಿಡು. ಸಿನಿಮಾ ಇಳಿಸಿದ್ರ ವಕೀಲರ ನೋಟೀಸ್ ಬರತೈತಿ, ನೂರಾರು ಯೂರೋ ಕೇಳತಾರ, ಅದು ಹೆದರಸೂ ಮಾತಲ್ಲ.

ಲೈಬ್ರರಿ ಕಟ್ಟಡದೊಳಗ ಹೋಗಿ ಕುಂದ್ರಾಕ ಬಹಳ ಕಡೆ ಕಾರ್ಡೇ ಬ್ಯಾಡ. ಪುಸ್ತಕ ಮನಿಗೆ ಒಯ್ಯಾಕ ಬೇಕು. ಗೆಸ್ಟ್ ಆದ್ರ ಪಾಸ್‌ಪೋರ್ಟ್ ಜೋಡಿ ವಿಳಾಸದ ಪುರಾವೆ ಕೇಳತಾರ, ಅಂದ್ರ ಮೆಲ್ಡೆಬೆಶೈನಿಗುಂಗ್. ಅದು ನಗರ ಕಚೇರಿಯೊಳಗ ಸಿಗೂದು. ಮನಿ ಸೇರಿದ ಎರಡು ವಾರದೊಳಗ ಹೆಸರು ಹಚ್ಚಬೇಕು ಅನ್ನೂದು ಕಾನೂನು. ಅದಕ್ಕ ಮನಿ ಮಾಲಕರ ಸಹಿ ಇದ್ದ ಫಾರ್ಮ್ ಬೇಕು, ಬಾಡಿಗಿ ಕರಾರು ಪತ್ರ ಒಂದ ಸಾಲಂಗಿಲ್ಲ. ಕಚೇರಿಯ ಅಪಾಯಿಂಟ್‌ಮೆಂಟ್ ಊರಿಂದಲೇ ಮಾಡಿಸಿಕೊ. ಲೈಬ್ರರಿ ರಾತ್ರಿ ತನಕ ತೆರದಿದ್ರೂ ಕಾರ್ಡ್ ಕೊಡೋ ಕೌಂಟರ್ ಲಗೂನ ಮುಚ್ಚತೈತಿ. ಬ್ಯಾಗು, ಕೋಟು ಒಳಗ ಬಿಡಂಗಿಲ್ಲ. ಲಾಕರಿಗೆ ಒಂದು ಅಥವಾ ಎರಡು ಯೂರೋ ನಾಣ್ಯ ಕಿಸೆದಾಗ ಇರಲಿ, ಆಮ್ಯಾಲ ವಾಪಸ್ ಬರತೈತಿ.

ನಿನಗ ಬೇಕಾದದ್ದು ಜರ್ನಲ್. ಇಲ್ಲೇ ಗೊಂದಲ ಜಾಸ್ತಿ. ಎಡುರೋಮ್ ಹತ್ತಿದ ಕೂಡಲೇ ಪೇಪರ್ ತೆರೀತಾವು ಅಂತ ತಿಳೀಬ್ಯಾಡ. ಪ್ರಕಾಶಕರು ನೋಡೂದು ಐಪಿ ವಿಳಾಸ, ಅಂದ್ರ ನೀ ಯಾವ ನೆಟ್‌ವರ್ಕಿನಿಂದ ಬಂದಿ ಅಂತ ತೋರಸೋ ನಂಬರ್. ಊರಿನ ಐಡಿಲೆ ಬಂದವರನ್ನ ಕೆಲವು ಯುನಿವರ್ಸಿಟಿ ಬ್ಯಾರೆ ಸಾಲಿನ ಐಪಿಗೆ ಹಾಕತಾವು, ಅದು ಲೈಸೆನ್ಸಿನ್ಯಾಗ ಇರಂಗಿಲ್ಲ. ಆವಾಗ ಲೈಬ್ರರಿಯ ಕಂಪ್ಯೂಟರಿಗೆ ಹೋಗಿ ಕುಂದ್ರು: ಬಹಳಷ್ಟು ಲೈಸೆನ್ಸ್ ಕಟ್ಟಡದೊಳಗ ಬಂದವರಿಗೂ ಓದಾಕ ಬಿಡತಾವು, ಪಿಡಿಎಫ್ ಪೆನ್‌ಡ್ರೈವಿಗೆ ಹಾಕ್ಕೋಬಹುದು. ಖಾನಾವಳಿಗೆ ಬಂದ್ರ ಊಟ ಐತಿ, ಮನಿಗೆ ಡಬ್ಬಿ ಬರಂಗಿಲ್ಲ ಅಂದಂಗ. ಡಬ್ಬಿ ಬೇಕಂದ್ರ ವಿಪಿಎನ್ ಇರೋ ಅಕೌಂಟ್ ಬೇಕು. ಗಡಿಬಿಡಿಲೆ ನೂರಾರು ಪೇಪರ್ ಒಮ್ಮೆಲೇ ಇಳಿಸಬ್ಯಾಡ. ಪ್ರಕಾಶಕರು ಇಡೀ ಯುನಿವರ್ಸಿಟಿಗೇ ಬಾಗಿಲ ಹಾಕತಾರ, ಹುಡುಕಿ ನಿನ್ನ ಅಕೌಂಟ್ ಬಂದ್ ಮಾಡತಾರ.

ಇಲ್ಲದ ಪುಸ್ತಕ ಬ್ಯಾರೆ ಊರಿಂದ ತರಸಾಕ ‘ಫರ್ನ್‌ಲೈಹೆ’ ಐತಿ. ಸಾಮಾನ್ಯವಾಗಿ ಒಂದು ಅರ್ಜಿಗೆ 1.50 ಯೂರೋ, ಪುಸ್ತಕ ಸಿಗಲಿಲ್ಲಂದ್ರೂ ಆ ರೊಕ್ಕ ಹೋಗತೈತಿ.

ಊರಿನ ಕಡೆ ಇರೂದನ್ನ ಮರೀಬ್ಯಾಡ. 2025ರ ಜನವರಿಯಿಂದ ವನ್ ನೇಷನ್ ವನ್ ಸಬ್‌ಸ್ಕ್ರಿಪ್ಷನ್ ಅನ್ನೋ ಕೇಂದ್ರ ಸರ್ಕಾರದ ಯೋಜನೆಯೊಳಗ 30 ಪ್ರಕಾಶಕರ ಸುಮಾರು 13,000 ಜರ್ನಲ್ ಸರ್ಕಾರಿ ಸಂಸ್ಥೆಗಳಿಗೆ ಸಿಗಾಕತ್ಯಾವು. ನೀ ಜ್ಞಾನಸಂಗಮದ ವಿಟಿಯು ಕ್ಯಾಂಪಸ್ಸಿನಾಕಿ ಆದ್ರ ಹೊರಡೂ ಮೊದಲ ಲೈಬ್ರರಿಯನ್‌ರಿಂದ ಇನ್‌ಫೆಡ್ ಲಾಗಿನ್ (ಕ್ಯಾಂಪಸ್ ಹೊರಗಿಂದಲೂ ಜರ್ನಲ್ ತೆರಿಯಾಕ ಬರೂ ಐಡಿ) ಮಾಡಿಸಿಕೊ, ಪ್ರಕಾಶಕರ ಪುಟದಾಗ ‘ಸಂಸ್ಥೆ ಮೂಲಕ ಲಾಗಿನ್’ ಒತ್ತಿ ವಿಟಿಯು ಹೆಸರು ಹುಡುಕು. ಬಾಗಲಕೋಟೆ, ವಿಜಯಪುರದ ಖಾಸಗಿ ಕಾಲೇಜಿನ ಗೆಳತ್ಯಾರು ಕೇಳಿದ್ರ, ಮೊದಲ ಹಂತದಾಗ ಅವರಿಗೆ ಇದು ಇಲ್ಲ ಅಂತ ಹೇಳು.

ಚಳಿಗಾಲದ ಸೆಮಿಸ್ಟರ್ ಮಾರ್ಚ್ 31ಕ್ಕ ಮುಗೀತೈತಿ, ಬಹಳ ಕಡೆ ಅಕೌಂಟೂ ಅದರ ಜೋಡಿ ಹೋಗತೈತಿ. ಅದಕ್ಕ ಎರಡು ವಾರ ಮೊದಲ ಮೇಲ್, ಫೈಲ್ ಎಲ್ಲಾ ಇಳಿಸಿಕೊ. ಪುಸ್ತಕ ತಿರುಗಿ ಕೊಟ್ಟು, ದಂಡ ಇದ್ರ ಕಟ್ಟಿ, ಲೈಬ್ರರಿಯಿಂದ ಬಾಕಿ ಇಲ್ಲ ಅನ್ನೋ ಚೀಟಿ ತುಗೊ. ಕೆಲವು ಕಡೆ ಅದಿಲ್ಲಂದ್ರ ಯುನಿವರ್ಸಿಟಿ ಪಟ್ಟಿಯಿಂದ ಹೆಸರು ತಗಸೂದ ಆಗಂಗಿಲ್ಲ.