‘ಉಲ್ಲಂಘನೆಯಾಗುತ್ತಿದೆ’ ಎಂದರೆ ಸಾಲದು, ಮಾಡಿದವರು ಯಾರು?

ಪ್ರಿಯ ಲೇಖಕರಿಗೆ,

ನಮಸ್ಕಾರ. ‘ಸಮಕಾಲೀನ ಜಾಗತಿಕ ಮಾನವ ಹಕ್ಕುಗಳ ಸವಾಲುಗಳು’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ನಿರಾಶ್ರಿತರು, ಹವಾಮಾನ, ಚಿತ್ರಹಿಂಸೆ, ಮಾನವ ಕಳ್ಳಸಾಗಣೆ, ಡಿಜಿಟಲ್ ಕಣ್ಗಾವಲು, ಆ್ಯಪ್ ಕೆಲಸ, ಇಷ್ಟನ್ನೂ ಹದಿನಾಲ್ಕು ಪುಟಗಳಲ್ಲಿ ತುಂಬಿದ್ದೀರಿ. ಯಾವುದಕ್ಕೂ ಉಸಿರಾಡಲು ಜಾಗವಿಲ್ಲ. ಆದರೆ ಹನ್ನೊಂದನೇ ಪುಟದಲ್ಲಿ ಕೋರಮಂಗಲದ ‘ಡೆಲಿವರಿ ಹುಡುಗ’ನ ಐಡಿ ಬ್ಲಾಕ್ ಆದ ಪ್ಯಾರಾ ಒಂದಿದೆ. ಇಷ್ಟುದ್ದ ಬರೆಯುತ್ತಿರುವುದು ಅದಕ್ಕಾಗಿ.

ಮೊದಲು ಭಾಷೆಯ ಮಾತು. ‘ಹಕ್ಕುಗಳ ಉಲ್ಲಂಘನೆಯಾಗುತ್ತಿದೆ’ ಎಂದು 31 ಕಡೆ ಬರೆದಿದ್ದೀರಿ. ಕನ್ನಡದಲ್ಲಿ ಮಳೆ ಆಗುತ್ತದೆ, ಬೆಳೆ ಆಗುತ್ತದೆ. ಅಲ್ಲಿ ಕರ್ತೃವನ್ನು ಯಾರೂ ಕೇಳುವುದಿಲ್ಲ. ಹಕ್ಕಿನ ವಿಷಯದಲ್ಲಿ ಕೇಳಲೇಬೇಕು, ಏಕೆಂದರೆ ಹಕ್ಕು ಎಂದರೆ ಒಬ್ಬರಿಗೆ ಇನ್ನೊಬ್ಬರು ತೀರಿಸಬೇಕಾದ ಬಾಧ್ಯತೆಯ ಲೆಕ್ಕ. ಆ 31 ಕಡೆಯೂ ‘ಆಗುತ್ತಿದೆ’ ತೆಗೆದು ‘ಮಾಡಿದರು’ ಅಥವಾ ‘ಮಾಡಲಿಲ್ಲ’ ಎಂದು ಬರೆದು ನೋಡಿ. ಪೊಲೀಸರೋ, ಸಚಿವಾಲಯವೋ, ಕಂಪನಿಯೋ ಎಂದು ವಾಕ್ಯವೇ ನಿಮ್ಮನ್ನು ಕೇಳುತ್ತದೆ. ಉತ್ತರ ಸಿಗದ ಕಡೆ ನಿಮ್ಮ ಬಳಿ ಮಾಹಿತಿ ಇಲ್ಲವೆಂದೇ ಅರ್ಥ. ಆ ವಾಕ್ಯವನ್ನು ಹೊಡೆದುಹಾಕಿ.

ಮೂರನೇ ಪುಟದಲ್ಲಿ ‘ಭಾರತ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಬದ್ಧ’ ಎಂದಿದ್ದೀರಿ. ಅದು ತಪ್ಪು. 1984ರ ಆ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು, ಅನುಮೋದಿಸಿಲ್ಲ. ಸಹಿಯೇ ಬೇರೆ, ಅನುಮೋದನೆಯೇ ಬೇರೆ: ಸಹಿ ಇರಾದೆಯನ್ನಷ್ಟೇ ಹೇಳುತ್ತದೆ, ಅನುಮೋದನೆ ದೇಶವನ್ನು ಕಟ್ಟುತ್ತದೆ. 1966ರ ಎರಡು ಒಡಂಬಡಿಕೆಗಳಿಗಾದರೋ (ಒಂದು ನಾಗರಿಕ, ರಾಜಕೀಯ ಹಕ್ಕುಗಳದ್ದು, ಇನ್ನೊಂದು ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳದ್ದು) ಭಾರತ 1979ರಲ್ಲಿ ಸೇರಿಕೊಂಡಿದೆ, ಅವು ನಮ್ಮನ್ನು ಕಟ್ಟುತ್ತವೆ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ನೈತಿಕ ತೂಕ ದೊಡ್ಡದು, ಆದರೆ ಅದು ಒಪ್ಪಂದವಲ್ಲ. ಒಪ್ಪಂದದ ಹೆಸರು ಬಂದಲ್ಲೆಲ್ಲ ಅಂಗೀಕಾರ, ಸಹಿ, ಅನುಮೋದನೆ, ಈ ಮೂರರ ವರ್ಷವನ್ನು ಪಕ್ಕದಲ್ಲಿ ಬರೆದಿಟ್ಟುಕೊಂಡರೆ ಇಂಥ ತಪ್ಪು ನುಸುಳುವುದಿಲ್ಲ.

‘ನಿರಾಶ್ರಿತ’ ಎಂಬ ಪದದ ಬಗ್ಗೆಯೂ ಎಚ್ಚರ ಬೇಕು. ಬೆಂಗಳೂರಿನ ಓದುಗರಿಗೆ ನಿರಾಶ್ರಿತರ ಪರಿಹಾರ ಕೇಂದ್ರ ಎಂದರೆ ಮಾಗಡಿ ರಸ್ತೆಯಲ್ಲಿ ಭಿಕ್ಷುಕರನ್ನು ಇರಿಸುವ ಜಾಗ. ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಪ್ಪಂದ ಹೇಳುವವರು ಬೇರೆ: ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ಒಂದು ಸಾಮಾಜಿಕ ಗುಂಪಿಗೆ ಸೇರಿದ ಕಾರಣಕ್ಕೆ ಕಿರುಕುಳದ ಭಯದಿಂದ ದೇಶ ಬಿಟ್ಟವರು. ನೀವು ಇದೇ ಪದವನ್ನು ನೆರೆ ಸಂತ್ರಸ್ತರಿಗೂ ಬಳಸಿದ್ದೀರಿ. ಭಾರತ ಆ ಒಪ್ಪಂದಕ್ಕೆ ಸೇರಿಲ್ಲ ಎಂಬುದನ್ನೂ ಬಿಟ್ಟಿದ್ದೀರಿ.

ಈಗ ಹನ್ನೊಂದನೇ ಪುಟ. ಲೇಖನ ಇಲ್ಲಿಂದಲೇ ಶುರುವಾಗಲಿ. ಆ್ಯಪ್ ಆ ಡೆಲಿವರಿ ಕೆಲಸಗಾರನನ್ನು ‘ಪಾರ್ಟ್ನರ್’ ಎನ್ನುತ್ತದೆ, ನೀವು ‘ಹುಡುಗ’ ಎನ್ನುತ್ತೀರಿ. ಅವನು ಕಾರ್ಮಿಕನೋ ಅಲ್ಲವೋ ಎಂಬುದೇ ಜಗತ್ತಿನ ಕೋರ್ಟುಗಳು ಬಿಡಿಸುತ್ತಿರುವ ಗಂಟು. ‘ಬ್ರಿಟನ್ ಕೋರ್ಟು ಆ್ಯಪ್ ಕೆಲಸಗಾರರಿಗೆಲ್ಲ ಹಕ್ಕು ಕೊಟ್ಟಿತು’ ಎಂದಿದ್ದೀರಿ, ಹಾಗಿಲ್ಲ. ಅಲ್ಲಿನ ಸುಪ್ರೀಂ ಕೋರ್ಟು 2021ರ ಫೆಬ್ರುವರಿಯಲ್ಲಿ ಉಬರ್ ಚಾಲಕರನ್ನು ಕಾರ್ಮಿಕರೆಂದಿತು. ತಮ್ಮ ಪ್ರದೇಶದಲ್ಲಿ ಆ್ಯಪ್ ಆನ್ ಮಾಡಿ ಬಾಡಿಗೆಗೆ ಸಿದ್ಧವಾಗಿ ಕಾಯುವ ಹೊತ್ತೂ ಕೆಲಸದ ಹೊತ್ತೇ ಎಂದಿತು. ಅದೇ ಕೋರ್ಟು 2023ರ ನವೆಂಬರ್‌ನಲ್ಲಿ ಊಟ ತಲುಪಿಸುವ ಡೆಲಿವರೂ ಕಂಪನಿಯ ಸವಾರರಿಗೆ ಸಂಘದ ಮೂಲಕ ಸಾಮೂಹಿಕ ಚೌಕಾಸಿಯ ಹಕ್ಕಿಲ್ಲ ಎಂದಿತು. ಮುಖ್ಯ ಕಾರಣ, ಅವರು ತಮ್ಮ ಬದಲಿಗೆ ಬೇರೊಬ್ಬರನ್ನು ಕಳಿಸಬಹುದಾಗಿತ್ತು. ಕರಾರಿನ ಒಂದು ಕಲಮಿನಿಂದ ಫಲ ಹೀಗೆ ತಿರುಗುತ್ತದೆ. ಹಾಗಾಗಿ ನಿಮ್ಮ ಕೆಲಸಗಾರನ ಫೋನಿನಲ್ಲಿ ಇರುವ ಕರಾರನ್ನು ಪೂರ್ತಿ ಓದಿ. ಬದಲಿ ಕಳಿಸಬಹುದೇ? ಆರ್ಡರ್ ಬೇಡವೆಂದರೆ ಏನಾಗುತ್ತದೆ? ದರ ನಿಗದಿ ಮಾಡುವವರು ಯಾರು?

ಐಡಿ ಬ್ಲಾಕ್ ಆದ ದಿನವನ್ನು ಗಂಟೆಗಂಟೆಯಾಗಿ ಬರೆಯಿರಿ. ಯಾವ ಸಂದೇಶ ಬಂತು, ಯಾವ ಭಾಷೆಯಲ್ಲಿ, ಕಾರಣ ಹೇಳಿತ್ತೇ? ಸಹಾಯವಾಣಿಯಲ್ಲಿ ಮನುಷ್ಯರು ಸಿಕ್ಕರೇ? ಬಾಕಿ ಹಣ ಎಷ್ಟಿತ್ತು, ಯಾವಾಗ ಬಂತು? ಆಮೇಲೆ ಕಾನೂನನ್ನು ಇದರ ಪಕ್ಕದಲ್ಲಿಡಿ. ಖಾತೆ ನಿಲ್ಲಿಸುವ ತೀರ್ಮಾನವನ್ನು ಮನುಷ್ಯರೇ ತೆಗೆದುಕೊಳ್ಳಬೇಕು ಎನ್ನುತ್ತದೆ ಐರೋಪ್ಯ ಒಕ್ಕೂಟದ 2024ರ ನಿರ್ದೇಶನ. ಅದನ್ನು ಜಾರಿಗೆ ತರಲು ಸದಸ್ಯ ದೇಶಗಳಿಗೆ 2026ರ ಡಿಸೆಂಬರ್ 2ರ ಗಡುವು. ನಮ್ಮ ರಾಜ್ಯದ 2025ರ ಗಿಗ್ ಕಾರ್ಮಿಕರ ಕಾಯ್ದೆ, ಕೆಲಸದಿಂದ ತೆಗೆಯುವ ಮುನ್ನ ಲಿಖಿತ ಕಾರಣ ಮತ್ತು 14 ದಿನಗಳ ನೋಟಿಸ್ ಕೊಡಬೇಕೆನ್ನುತ್ತದೆ, ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಪಾವತಿಯ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಕಂಪನಿಯ ಮೇಲೆ ಹಾಕುತ್ತದೆ. ಬ್ಲಾಕ್ ಆದದ್ದು ಕಾಯ್ದೆಗೆ ಮುಂಚೆಯೋ ನಂತರವೋ? ನಿಮ್ಮ ಪ್ಯಾರಾದಲ್ಲಿ ತಾರೀಖೇ ಇಲ್ಲ.

ಸಿದ್ಧಾಂತದ ಭಾಗ ಇದಾದ ಮೇಲೆ ಬರಲಿ, ಒಂದೂವರೆ ಪುಟ ಸಾಕು. ನ್ಯಾಯಯುತ ಕೆಲಸದ ಪರಿಸ್ಥಿತಿಯ ಹಕ್ಕು ಆರ್ಥಿಕ, ಸಾಮಾಜಿಕ ಹಕ್ಕುಗಳ ಒಡಂಬಡಿಕೆಯ 7ನೇ ವಿಧಿಯಲ್ಲಿದೆ. ಅದೇ ಒಡಂಬಡಿಕೆಯ 2ನೇ ವಿಧಿ, ಲಭ್ಯ ಸಂಪನ್ಮೂಲದಲ್ಲಿ ಹಂತಹಂತವಾಗಿ ಈಡೇರಿಸಿ ಎಂದು ಸರ್ಕಾರಗಳಿಗೆ ಅವಕಾಶ ಕೊಡುತ್ತದೆ. ‘ಹಂತಹಂತವಾಗಿ’ ಎಂಬ ಮಾತಿಗೆ ನಿಮ್ಮ ಕೆಲಸಗಾರ ಎಷ್ಟು ಕಾಲ ಕಾಯಬೇಕು? ನಿಜವಾದ ಚರ್ಚೆ ಇದು, ಇದನ್ನು ಬೆಳೆಸಿ. ಕಂಪನಿಗಳ ಹೊಣೆಯ ಬಗ್ಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2011ರಲ್ಲಿ ಒಪ್ಪಿದ ಮಾರ್ಗದರ್ಶಿ ಸೂತ್ರಗಳಿವೆ. ಅವು ಕಾನೂನಿನಂತೆ ಕಟ್ಟುವುದಿಲ್ಲ ಎಂಬುದನ್ನೂ ಹೇಳಿ.

2,000 ಪದ ಮೀರದಂತೆ ಬರೆದು ಕಳಿಸಿ. ನಿರಾಶ್ರಿತರ ಪುಟಗಳನ್ನು ಎಸೆಯಬೇಡಿ, ಅವು ಬೇರೆ ಲೇಖನಕ್ಕಾಗುತ್ತವೆ. ಕೆಲಸಗಾರನ ಹೆಸರು ಬದಲಿಸಿ, ಸ್ಕ್ರೀನ್‌ಶಾಟ್‌ನಲ್ಲಿ ಐಡಿ ಸಂಖ್ಯೆ ಮತ್ತು ಗ್ರಾಹಕರ ವಿಳಾಸ ಅಳಿಸಿ. ಕಳಿಸುವ ಮುನ್ನ ಅವನ ಭಾಗವನ್ನು ಅವನಿಗೆ ಓದಿ ಹೇಳಿ, ಒಪ್ಪಿಗೆ ಪಡೆಯಿರಿ. ಅವನು ಬೇಡವೆಂದ ವಾಕ್ಯ ನಮಗೂ ಬೇಡ.

ಇತಿ,
ಸಂಪಾದಕರು, ಬೆಂಗಳೂರು