ಫೇಕೋ ಯಂತ್ರವೋ, ಮಕ್ಕಳ ಕಣ್ಣಿನ ಫೆಲೋಶಿಪ್ಪೋ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

'ವ' ಅವರದು ಯಾದಗಿರಿ ಜಿಲ್ಲೆಯ ಒಂದು ಹಳ್ಳಿ. ಎಂಎಸ್ ನೇತ್ರವಿಜ್ಞಾನದ ಕೊನೆಯ ವರ್ಷ. ಕಲಬುರಗಿಯ ಸಲಹಾ ಕೊಠಡಿಗೆ ತಂದೆಯೊಂದಿಗೆ ಬಂದರು. ತಂದೆಯ ಕೈಯಲ್ಲಿ ಕಣ್ಣಿನ ಪೊರೆ ತೆಗೆಯುವ ಫೇಕೋ ಯಂತ್ರದ ಕೊಟೇಷನ್, ಮಡಚಿ ಮಡಚಿ ಅಂಚು ಸವೆದಿತ್ತು.

"ಪೊರಿ ಆಪರೇಷನ್ ಮಾಡ್ಕೋತ ಸ್ವಂತ ದವಾಖಾನಿ ಹಾಕ್ಲಿ ಅಂತೀನ್ರಿ ಸರ. ಸಣ್ಣ ಕೂಸುಗಳ ಕಣ್ಣು ನೋಡಿದ್ರ ಎಷ್ಟು ರೊಕ್ಕ ಬರ್ತದ್ರಿ?"

ಮಗಳಿಗೆ ಬೇಕಿದ್ದುದು ಮಕ್ಕಳ ಕಣ್ಣಿನ ಫೆಲೋಶಿಪ್, ಅಂದರೆ ಎಂಎಸ್ ನಂತರದ ವಿಶೇಷ ತರಬೇತಿ, ಜೊತೆಗೆ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ.

ತಂದೆಯ ಪ್ರಶ್ನೆ ನ್ಯಾಯವಾದದ್ದೇ. ಮೆಳ್ಳಗಣ್ಣಿನ ಪುಟ್ಟ ಮಗುವಿಗೆ ನಂಬರ್ ತೆಗೆಯಬೇಕೆಂದರೆ ಎಷ್ಟೋ ಸಲ ಮೂರು ದಿನ ಮನೆಯಲ್ಲಿ ಪಾಪೆ ಹಿಗ್ಗಿಸುವ ಅಟ್ರೋಪಿನ್ ಮುಲಾಮು ಹಚ್ಚಿ ಕರೆತರಬೇಕು. ಸೋಮಾರಿ ಕಣ್ಣಾದರೆ (ಒಂದು ಕಣ್ಣಿನ ದೃಷ್ಟಿ ಸರಿಯಾಗಿ ಬೆಳೆಯದಿದ್ದರೆ) ಒಳ್ಳೆಯ ಕಣ್ಣಿಗೆ ದಿನಕ್ಕೆ 2ರಿಂದ 6 ಗಂಟೆ ಪಟ್ಟಿ, ಅದೂ ತಿಂಗಳುಗಟ್ಟಲೆ. ತೊಗರಿ ರಾಶಿ ಶುರುವಾದರೆ ತಾಯಂದಿರಿಗೆ ಬರಲಾಗದು, ಪಟ್ಟಿ ನಿಲ್ಲುತ್ತದೆ, ಗಳಿಸಿದ ದೃಷ್ಟಿ ಜಾರುತ್ತದೆ. ಇದನ್ನೊಂದನ್ನೇ ನಂಬಿ ಸಾಲ ಮಾಡಿ ಆಸ್ಪತ್ರೆ ಕಟ್ಟಬಾರದು ಎಂದು ನೇರವಾಗಿ ಹೇಳಿದೆವು. ಕಾಲೇಜಿನ ಸಂಬಳವಿದ್ದರೆ ಮಾತು ಬೇರೆ.

ಮಗಳನ್ನು ಕೇಳಿದ್ದು ಒಂದೇ: ಅವಧಿಗೆ ಮುಂಚೆ ಹುಟ್ಟಿದ ಶಿಶುಗಳ ಅಕ್ಷಿಪಟಲ ಎಷ್ಟು ನೋಡಿದ್ದೀರಿ? ನಾಲ್ಕೈದು ಎಂದರು. ಅಷ್ಟರಲ್ಲಿ ನಿರ್ಧಾರವಾಗದು. ಇಂಥ ಕೂಸುಗಳ ಅಕ್ಷಿಪಟಲಕ್ಕೆ ದೃಷ್ಟಿಯನ್ನೇ ಕಳೆಯಬಲ್ಲ ಕಾಯಿಲೆ (ಆರ್‌ಒಪಿ) ಬರಬಹುದು. 2 ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದ, ಇಲ್ಲವೇ 34 ವಾರದೊಳಗೆ ಹುಟ್ಟಿದ ಕೂಸಿನ ಮೊದಲ ತಪಾಸಣೆ 30 ದಿನದೊಳಗೆ ಆಗಬೇಕು. 28 ವಾರಕ್ಕೂ ಮುಂಚೆ ಹುಟ್ಟಿದ್ದರೆ 2–3 ವಾರಕ್ಕೇ. ಚಿಕಿತ್ಸೆ ಬೇಕೆಂದು ಕಂಡರೆ 48ರಿಂದ 72 ಗಂಟೆಯಲ್ಲಿ ಲೇಸರ್ ಅಥವಾ ಚುಚ್ಚುಮದ್ದು. ಕೆಲಸ ನಾಜೂಕು: ಕೂಸನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಬೇಕು, ಪಾಪೆ ಹಿಗ್ಗಿಸಲು ಹಾಕುವ ಫಿನೈಲೆಫ್ರಿನ್ ಹನಿ 2.5%ಕ್ಕಿಂತ ಗಟ್ಟಿ ಇರಬಾರದು, ಕೆನ್ನೆಗಿಳಿದ ಹನಿಯನ್ನು ತಕ್ಷಣ ಒರೆಸಬೇಕು. ಚರ್ಮದಿಂದ ಒಳಸೇರಿದರೆ ರಕ್ತದೊತ್ತಡ ಏರುತ್ತದೆ. ಉಸಿರಿನ ಮೇಲೆ ನಿಗಾ ಇಡಲು ನರ್ಸ್ ಪಕ್ಕದಲ್ಲೇ ಇರಲಿ. ಆ ಅಳುವಿನ ನಡುವೆ ಕೈ ನಡುಗದೆ ವಾರವಾರ ನಿಲ್ಲುವ ಮನಸ್ಸಿದೆಯೇ ಎಂಬುದು ವಾರ್ಡಿನಲ್ಲೇ ಗೊತ್ತಾಗಬೇಕು. ಆರು ವಾರ ನವಜಾತ ಶಿಶು ಘಟಕಕ್ಕೆ ಹೋಗಿ, ಪ್ರತಿ ಕೂಸಿನ ತೂಕ, ವಾರ, ಕಂಡದ್ದನ್ನು ಬರೆದಿಡಿ ಎಂದೆವು. ಇಂಥ ಕೂಸುಗಳ ಕಣ್ಣು ತಪಾಸಣೆಗೆಂದೇ 2008ರಲ್ಲಿ ಶುರುವಾದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಜಿಲ್ಲೆಗಳಲ್ಲಿ ತೆಗೆದ ಚಿತ್ರವನ್ನು ದೂರದ ವೈದ್ಯರು ಓದುತ್ತಾರೆ. ನಮ್ಮ ಭಾಗದಲ್ಲೇ ಕೂತು ಈ ಕೆಲಸ ಮಾಡಲು ಅದೂ ಒಂದು ದಾರಿ.

ಆಕೆ ಎಡವಲಿದ್ದದ್ದು ಕ್ರಮದಲ್ಲಿ. ಎಂಎಸ್ ಮುಗಿದ ಕೂಡಲೇ ಫೆಲೋಶಿಪ್ ಸೇರುವ ಯೋಚನೆ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಾಮಾನ್ಯವಾಗಿ ಕಾಲೇಜಿನಲ್ಲಿ ಒಂದು ವರ್ಷದ ಸೀನಿಯರ್ ರೆಸಿಡೆನ್ಸಿ (ಎಂಎಸ್ ನಂತರ ಕಾಲೇಜಿನ ಆಸ್ಪತ್ರೆಯಲ್ಲಿ ಮಾಡುವ ವೈದ್ಯ ಸೇವೆ) ಬೇಕು. ಫೆಲೋಶಿಪ್ ತಾನಾಗಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಮೊದಲು ಆ ವರ್ಷ, ನಂತರ ಮಕ್ಕಳ ಕಣ್ಣು ಮತ್ತು ಮೆಳ್ಳಗಣ್ಣಿನ ಒಂದೂವರೆ–ಎರಡು ವರ್ಷದ ಫೆಲೋಶಿಪ್. ಎಂಎಸ್ ಪ್ರಬಂಧವನ್ನು ಕಪಾಟಿಗೆ ಸೇರಿಸದೆ ಲೇಖನ ಮಾಡಿ ಕಳಿಸಬೇಕು, ಬಡ್ತಿಗೆ ಪ್ರಕಟಣೆ ಕೇಳುತ್ತಾರೆ. ಕಲಬುರಗಿ, ಬೀದರ್, ಯಾದಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಹುದ್ದೆಗೆ 371(ಜೆ) ಪ್ರಮಾಣಪತ್ರವನ್ನು (ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದದ್ದು) ಈಗಲೇ ಮಾಡಿಸಿಡಲಿ. ಅದರಲ್ಲಿನ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೊಂದಬೇಕು.

ತಂದೆಗೆ ಹೇಳಿದ್ದು: ಮೂರು ವರ್ಷ ಸಾಲ ಬೇಡ, ಮದುವೆ ಮಾತನ್ನೂ ಇದಕ್ಕೆ ಗಂಟು ಹಾಕಬೇಡಿ. ಪೊರೆ ಶಸ್ತ್ರಚಿಕಿತ್ಸೆಯ ಕೈ ಮಗಳಿಗೆ ಹೇಗೂ ಇರುತ್ತದೆ. ಆರು ವಾರದ ನಂತರ ಆ ನೋಟ್‌ಬುಕ್ ತೆಗೆದುಕೊಂಡು ಇಬ್ಬರೂ ಬರುವುದೆಂದು ಗೊತ್ತಾಗಿದೆ.